ಕಡತದ ವೃತ್ತಾಂತ

ಸರ್ಕಾರದ ಕಚೇರಿಗಳಲ್ಲಿ ಗುಮಾಸ್ತೆಯ ಮೇಜಿನಿಂದ ಅಧಿಕಾರಿಯ ಮೇಜಿಗೆ ಸಂಚರಿಸುವ ಕಾಗದದ ಕಟ್ಟಿಗೆ ನಾವು ‘ಕಡತ’ವೆಂದು ಹೆಸರಿಟ್ಟಿದ್ದೇವೆ. ಕಡತವು ಮೇಲಕ್ಕೆ ಹೋಗಿದೆ, ಕಡತವು ಇನ್ನೂ ಬಂದಿಲ್ಲ, ಕಡತವು ಸಿಕ್ಕುತ್ತಿಲ್ಲ ಎಂಬ ಮೂರು ಉತ್ತರಗಳನ್ನು ಒಮ್ಮೆಯಾದರೂ ಕೇಳದಿರುವ ಗೃಹಸ್ಥನು ನಮ್ಮ ನಾಡಿನಲ್ಲಿ ವಿರಳನೇ ಸರಿ. ಆದರೆ ಈ ಶಬ್ದವು ಮೊದಲಿಗೆ ಕಾಗದಕ್ಕೆ ಸಂಬಂಧಪಟ್ಟುದಲ್ಲ. ಕಚೇರಿಗೆ ಮಾತ್ರ ಸಂಬಂಧಪಟ್ಟುದೂ ಅಲ್ಲ. ಅದು ವರ್ತಕನ ಅಂಗಡಿಯಲ್ಲಿಯೂ ಶಾನುಭೋಗನ ಚಾವಡಿಯಲ್ಲಿಯೂ ಮಠಗಳ ಭಂಡಾರದಲ್ಲಿಯೂ ಇರುತ್ತಿದ್ದ ಒಂದು ಬಟ್ಟೆಯ ಪುಸ್ತಕದ ಹೆಸರು.

ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸರು 1810ರಲ್ಲಿ ಪ್ರಕಟವಾಗತೊಡಗಿದ ತಮ್ಮ ಚರಿತ್ರೆಯ ಗ್ರಂಥದಲ್ಲಿ ಈ ಪುಸ್ತಕವನ್ನು ಬಹು ಕುತೂಹಲದಿಂದ ವರ್ಣಿಸಿದ್ದಾರೆ. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲವೂ, 12ರಿಂದ 18 ಅಡಿಯವರೆಗೆ ಉದ್ದವೂ ಉಳ್ಳ ಹತ್ತಿಯ ಬಟ್ಟೆಯನ್ನು ತೆಗೆದುಕೊಂಡು, ಅದರ ಎರಡು ಮೈಗಳಿಗೂ ಇದ್ದಲಿನ ಪುಡಿ ಕಲಸಿದ ಅಂಟನ್ನು ಬಳಿದು ಒಣಗಿಸುತ್ತಿದ್ದರು. ಈ ಅಂಟನ್ನು ಹುಣಿಸೆಯ ಬೀಜದಿಂದ ಕಾಯಿಸುವುದು ನಮ್ಮವರ ವಾಡಿಕೆ. ಒಣಗಿದ ಬಟ್ಟೆಯನ್ನು ಕತ್ತರಿಸದೆ, ಸಮಪ್ರಮಾಣದ ಮಡಿಕೆಗಳಾಗಿ ಮಡಿಸಿ, ಎರಡು ಕೊನೆಗಳಿಗೂ ಮರದ ಹಲಗೆಗಳನ್ನು ಕೂಡಿಸುತ್ತಿದ್ದರು. ಸಾಹುಕಾರನ ಹಲಗೆಗೆ ಬಣ್ಣವೂ ಮೆರುಗೂ ಉಂಟು, ರೇಷ್ಮೆಯ ಚೀಲವೂ ಉಂಟು. ಬಡ ಅಂಗಡಿಕಾರನ ಕಡತಕ್ಕೆ ಒಂದು ದಾರವೇ ಗತಿ. ಬರೆಯುವುದು ಬಳಪದಿಂದ, ಬೇಡವಾದಾಗ ಅಳಿಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯಬಹುದು.

ಓಲೆಗರಿಯೊಡನೆ ಹೋಲಿಸಿ ನೋಡಿದರೆ ಈ ಸಾಧನದ ಜಾಣ್ಮೆಯು ತಿಳಿಯುತ್ತದೆ. ಓಲೆಯ ಮೇಲೆ ಕಂಠದಿಂದ ಕೊರೆದುದನ್ನು ತಿದ್ದುವುದು ದುಸ್ಸಾಧ್ಯ. ಕಾವ್ಯಕ್ಕೆ ಅದು ಗುಣವಾದರೂ ದಿನದಿನಕ್ಕೆ ಬದಲಾಗುವ ಬಾಕಿಯ ಲೆಕ್ಕಕ್ಕೆ ಅದು ದೋಷ. ಕಡತವಾದರೋ ಮಡಿಕೆಮಡಿಕೆಯಾಗಿರುವುದರಿಂದ ಬೇಕಾದ ಎಡೆಯಲ್ಲಿ ತೆರೆಯುತ್ತದೆ. ಹುಳುವಿನ ಕಾಟವು ಕಡಿಮೆ. ಬೆಲೆಯೂ ಅಲ್ಪ. ಶೃಂಗೇರಿ ಮಠದ ಕಡತಗಳು ಇಂದಿಗೂ ಉಳಿದು, ಚರಿತ್ರಕಾರರು ಅವುಗಳಿಂದ ಭೂಮಿ, ದಾನ, ತೆರಿಗೆಗಳ ವಿವರಗಳನ್ನು ತೆಗೆಯುತ್ತಿರುವುದೇ ಅದರ ಬಾಳಿಕೆಗೆ ಸಾಕ್ಷಿ.

ಇಷ್ಟು ಗುಣವಿದ್ದ ಕಡತಕ್ಕೆ ಒಂದು ದೊಡ್ಡ ಕೊರತೆಯೂ ಇದ್ದಿತು, ಮತ್ತು ನಮ್ಮ ಪ್ರಸ್ತಾಪದ ಮುಖ್ಯ ವಿಷಯವು ಅದೇ. ಕಡತಕ್ಕೆ ಪ್ರತಿಯಿರುತ್ತಿರಲಿಲ್ಲ, ಸೂಚಿಯಿರುತ್ತಿರಲಿಲ್ಲ. ಯಾವ ಮಡಿಕೆಯಲ್ಲಿ ಯಾರ ಬಾಕಿಯಿದೆ, ಯಾವ ಸಾಲನ್ನು ಏತಕ್ಕಾಗಿ ಅಳಿಸಲಾಯಿತು ಎಂಬುದು ಬರೆದವನ ನೆನಪಿನಲ್ಲಿ ಮಾತ್ರ ಇರುತ್ತಿದ್ದಿತು. ಅಕ್ಷರವೋ, ಬರೆದವನ ಹೊರತು ಮತ್ತೊಬ್ಬನು ಸುಲಭವಾಗಿ ಓದಲಾರದ ಮೋಡಿಯ ಬರಹ. ಅಂಗಡಿಯ ಯಜಮಾನನು ತೀರಿಕೊಂಡರೆ ಮಗನ ಕೈಗೆ ಕಡತವು ಬರುತ್ತಿದ್ದಿತು. ಲೆಕ್ಕವು ಬರುತ್ತಿದ್ದಿತೆಂದು ಹೇಳಲಾಗದು. ವ್ಯವಹಾರವು ಒಬ್ಬನ ಕಣ್ಣಳತೆಯಲ್ಲಿ ಇರುವಷ್ಟು ದಿನ ಇದರಿಂದ ಬಾಧಕವಿಲ್ಲ. ಅದು ಹತ್ತು ಊರಿಗೆ ಹಬ್ಬಿದೊಡನೆ, ಬರೆಯುವ ವಿದ್ಯೆಗಿಂತ ಬರೆದುದನ್ನು ಹುಡುಕಿ ತೆಗೆಯುವ ವಿದ್ಯೆಯೇ ಹೆಚ್ಚಿನದಾಗುತ್ತದೆ.

ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ (1673–1704) ಇದು ತಿಳಿದಿದ್ದಂತೆ ಕಾಣುತ್ತದೆ. ರಾಜ್ಯದ ಕೆಲಸವನ್ನು ಅವರು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಔರಂಗಜೇಬನಲ್ಲಿಗೆ ಹೋಗಿಬಂದ ರಾಯಭಾರಿಗಳಿಂದ ಅಲ್ಲಿಯ ಕ್ರಮವನ್ನು ಕೇಳಿ ಹೀಗೆ ಮಾಡಿದರೆಂದು ವಿಲ್ಕ್ಸರು ಹೇಳುತ್ತಾರೆ. ನಿರೂಪಗಳಿಗೆ ಒಂದು ಚಾವಡಿ, ಆಯಕಟ್ಟಿನ ಲೆಕ್ಕಕ್ಕೆ ಒಂದು, ಸುಂಕಕ್ಕೆ ಒಂದು, ಕಬ್ಬಿಣಕ್ಕೆ, ಹೊಗೆಸೊಪ್ಪಿಗೆ, ಕೊನೆಗೆ ಬೆಣ್ಣೆಗೂ ಒಂದು! ಬೆಣ್ಣೆಗೊಂದು ಚಾವಡಿಯೆಂದರೆ ಇಂದಿನವರು ನಕ್ಕಾರು. ಆದರೆ ಅರಮನೆಯ ಗೋಸಂಪತ್ತೆಲ್ಲವೂ ಆ ಚಾವಡಿಯ ಅಧೀನದಲ್ಲಿದ್ದಿತು, ಮುಂದೆ ಪ್ರಸಿದ್ಧವಾದ ಅಮೃತಮಹಲಿನ ಮೂಲವೂ ಅದೇ. ವಿಷಯಕ್ಕೆ ತಕ್ಕಂತೆ ಲೆಕ್ಕವನ್ನು ಬೇರ್ಪಡಿಸಿದುದರಿಂದ ಯಾವುದನ್ನು ಎಲ್ಲಿ ಕೇಳಬೇಕೆಂಬುದಾದರೂ ನಿಶ್ಚಯವಾಯಿತು. ‘ಅಠಾರ ಕಚೇರಿ’ಯೆಂಬ ಹೆಸರು ಬಾಳಿ, 1868ರಲ್ಲಿ ಬೆಂಗಳೂರಿನಲ್ಲಿ ಮುಗಿದ ಕೆಂಪು ಬಣ್ಣದ ಕಚೇರಿಯ ಕಟ್ಟಡಕ್ಕೂ ಅಂಟಿಕೊಂಡಿತು; ಅಲ್ಲಿ ಈಗ ಉಚ್ಚ ನ್ಯಾಯಾಲಯವಿದೆ.

ಅದೇ ಕಾಲದಲ್ಲಿ, ನಮ್ಮ ಕಾರವಾರದಲ್ಲಿಯೂ ಮೆಣಸಿಗಾಗಿ ಕೋಠಿಯನ್ನಿಟ್ಟುಕೊಂಡಿದ್ದ ಆಂಗ್ಲ ಈಸ್ಟ್ ಇಂಡಿಯಾ ಕಂಪನಿಯವರಿಗೆ ಇದಕ್ಕಿಂತ ಕಠಿಣವಾದ ಸಮಸ್ಯೆಯೊಂದಿದ್ದಿತು. ಯಜಮಾನರು ಲಂಡನಿನಲ್ಲಿ, ವ್ಯಾಪಾರವು ಇಲ್ಲಿ. ನಡುವೆ ತಿಂಗಳುಗಟ್ಟಲೆಯ ಸಮುದ್ರಯಾನ. ಒಂದು ಪ್ರಶ್ನೆಗೆ ಉತ್ತರ ಬರುವುದರಲ್ಲಿ ಪ್ರಶ್ನೆಯನ್ನು ಬರೆದವನು ವರ್ಗವಾಗಿಯೋ, ಜ್ವರದಿಂದ ಸತ್ತೋ ಹೋಗಿರುತ್ತಿದ್ದನು. ಆದಕಾರಣ ಅವರು ಕಾಗದವನ್ನು ಮನುಷ್ಯನಿಂದ ಬಿಡಿಸಿಕೊಂಡರು. ಪತ್ರದ ಪ್ರತಿಯೊಂದು ಕಂಡಿಕೆಗೂ ಅಂಕೆಯನ್ನು ಕೊಟ್ಟು, ಉತ್ತರವನ್ನು ಅದೇ ಕಂಡಿಕೆಯನ್ನು ಹೆಸರಿಸಿ ಬರೆಯುವ ಪದ್ಧತಿಯನ್ನಿಟ್ಟರು. ಆಲೋಚನಾಸಭೆಯ ನಡವಳಿಗಳನ್ನು ದಿನವಾರಿ ಪುಸ್ತಕದಲ್ಲಿ ಬರೆಸಿ ಅದರ ನಕಲನ್ನು ಲಂಡನಿಗೆ ಕಳುಹಿಸಿದರು. ಹಡಗು ಮುಳುಗಿದರೂ ಪತ್ರವು ಮುಳುಗದಿರಲೆಂದು ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಹಾಕಿದರು. ತತ್ತ್ವಜ್ಞಾನಿಯೆಂದು ಪ್ರಸಿದ್ಧನಾದ ಜಾನ್ ಸ್ಟೂವರ್ಟ್ ಮಿಲ್ಲನು 1823ರಿಂದ 1858ರವರೆಗೆ ಈ ಕಂಪನಿಯಲ್ಲಿಯೇ ದುಡಿದು, ಭರತಖಂಡವನ್ನು ಒಮ್ಮೆಯೂ ಕಾಣದೆ ಅದಕ್ಕೆ ಸಂಬಂಧಿಸಿದ ಆಜ್ಞಾಪತ್ರಗಳ ಕರಡನ್ನು ತಯಾರಿಸುತ್ತಿದ್ದನು. ಹಿಂದಿನ ಕಾಗದಗಳು ಕ್ರಮವಾಗಿ ಕೈಗೆ ಸಿಕ್ಕುತ್ತಿದ್ದುದರಿಂದಲೇ ಇದು ಸಾಧ್ಯವಾಯಿತು. ಕಂಪನಿಯವರ ಲೋಭ, ದೌರ್ಜನ್ಯಗಳನ್ನು ನಾವು ಮರೆಯಬೇಕಿಲ್ಲ. ಆದರೆ ಅವರ ಬಲದ ಒಂದು ಪಾಲು ತೋಪಿನಲ್ಲಿದ್ದರೆ ಮತ್ತೊಂದು ಪಾಲು ಈ ಅಂಕೆಹಾಕಿದ ಕಂಡಿಕೆಗಳಲ್ಲಿದ್ದಿತೆಂಬುದನ್ನೂ ಒಪ್ಪಬೇಕು. ಕಂಪನಿಯ ಆಳಿಕೆಯು 1858ರಲ್ಲಿ ಮುಗಿದಮೇಲೆ ಆ ಹಳೆಯ ಕಾಗದಗಳಲ್ಲಿ ಟನ್ನುಗಟ್ಟಲೆಯನ್ನು ರದ್ದಿಗೆ ಮಾರಿಬಿಟ್ಟರೆಂಬುದು ಚರಿತ್ರೆಯ ಒಂದು ಪರಿಹಾಸ್ಯ.

ನಮ್ಮ ಹಳ್ಳಿಗಳಲ್ಲಿಯಾದರೋ ಬಟ್ಟೆಯ ಕಡತವು ಹೋಗಿ ಕಾಗದದ ಖಿರ್ದಿ, ಖಾತೆ, ಪಹಣಿ ಪುಸ್ತಕಗಳು ಬಂದಮೇಲೂ ಹಳೆಯ ಕೊರತೆಯು ಹಾಗೆಯೇ ಉಳಿಯಿತು. ಶಾನುಭೋಗಿಕೆಯು ವಂಶಪಾರಂಪರ್ಯವಾಗಿದ್ದುದರಿಂದ ಪುಸ್ತಕವು ಅವರ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿದ್ದಿತು. ಶಾನುಭೋಗರಲ್ಲಿ ಧರ್ಮಿಷ್ಠರು ಅನೇಕರಿದ್ದರು; ಊರಿನ ವ್ಯಾಜ್ಯಗಳನ್ನು ತಮ್ಮ ನೆನಪಿನಿಂದಲೇ ಬಗೆಹರಿಸಿದವರೂ ಇದ್ದರು. ಆದರೂ ರೈತನ ಹೊಲವು ರೈತನದೆಂಬುದಕ್ಕೆ ಇದ್ದ ಬರಹವು ಇನ್ನೊಬ್ಬರ ಪೆಟ್ಟಿಗೆಯಲ್ಲಿದ್ದಮೇಲೆ, ಅವರು ಊರಲ್ಲಿಲ್ಲದ ದಿನ ಆ ಹೊಲಕ್ಕೆ ಸಾಕ್ಷಿಯೇ ಇಲ್ಲ. 1961ರ ಕಾಯಿದೆಯು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು; ಸಂಬಳದ ಗ್ರಾಮಲೆಕ್ಕಿಗರು ಬಂದರು. ಪೆಟ್ಟಿಗೆಯು ಕೈಬದಲಾಯಿಸಿತು, ಬೀಗವು ಹಾಗೆಯೇ ಇದ್ದಿತು. ಬ್ಯಾಂಕಿನ ಬೆಳೆಸಾಲಕ್ಕೆ ಪಹಣಿಯ ನಕಲು ಬೇಕಾದ ರೈತನು ಬಿತ್ತನೆಯ ಹದವು ಮೀರುವವರೆಗೂ ಲೆಕ್ಕಿಗರನ್ನು ಅರಸುತ್ತ ಅಲೆಯುವುದೂ, ಕೈಬಿಸಿ ಮಾಡುವುದೂ ತಪ್ಪಲಿಲ್ಲ. ಹೀಗೆ ವ್ಯರ್ಥವಾದ ದಿನಗಳನ್ನು ಲೆಕ್ಕಹಾಕಿದವರು ಯಾರು?

ಕರ್ನಾಟಕ ಸರ್ಕಾರವು 2000ದ ಸುಮಾರಿಗೆ ‘ಭೂಮಿ’ಯೆಂಬ ಯೋಜನೆಯಿಂದ ಈ ಬೀಗವನ್ನು ತೆಗೆಯಲು ಹೊರಟಿತು. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಹಂಚಿಹೋಗಿದ್ದ, ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಆಗ 15 ರೂಪಾಯಿ ಕೊಟ್ಟವನಿಗೆ ಪಹಣಿಯ ಪ್ರತಿಯು ದೊರೆಯಿತು. ಯಂತ್ರಕ್ಕಿಂತಲೂ ಮುಖ್ಯವಾದ ನಿರ್ಧಾರಗಳು ಮೂರು ಇದ್ದುವು. ಕೈಬರಹದ ಪಹಣಿಯು ಇನ್ನು ಸಿಂಧುವಲ್ಲವೆಂದು ಸಾರಿದರು. ಎರಡು ಪುಸ್ತಕಗಳು ಜೊತೆಯಲ್ಲಿ ನಡೆದಿದ್ದರೆ ಹಳೆಯದೇ ಗೆಲ್ಲುತ್ತಿದ್ದಿತು. ಖಾತೆಯ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳಬೇಕೆಂದು ಗೊತ್ತುಮಾಡಿದರು. ಬದಲಾವಣೆ ಮಾಡಿದ ಅಧಿಕಾರಿಯ ಬೆರಳಿನ ಗುರುತು ಯಂತ್ರದಲ್ಲಿ ಉಳಿಯುವಂತೆ ಏರ್ಪಡಿಸಿದರು. ಬಳಪದ ಬರಹವನ್ನು ಅಳಿಸಿದವನಾರೆಂದು ಕಡತವು ಎಂದೂ ಹೇಳಿರಲಿಲ್ಲ.

ಆದರೆ ಯಂತ್ರಕ್ಕೆ ಏರಿದುದು ಹಳೆಯ ಪುಸ್ತಕದಲ್ಲಿದ್ದುದೇ. ಅಜ್ಜನ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಅದೂ ಅಚ್ಚುಕಟ್ಟಾದ ಮುದ್ರಣದಲ್ಲಿ ಹೊರಬಂದಿತು; ಎಕರೆ-ಗುಂಟೆಗಳ ಅಂಕೆ ತಪ್ಪಿದ್ದರೆ ಅದೂ ಬಂದಿತು. ಹಿಂದೆ ಶಾನುಭೋಗರ ಜಗಲಿಯಲ್ಲಿ ಕುಳಿತು ಮಾತಿನಲ್ಲಿ ಬಗೆಹರಿಸಬಹುದಾಗಿದ್ದ ಆ ತಪ್ಪಿಗೆ ಈಗ ತಿದ್ದುಪಡಿಯ ಅರ್ಜಿಯನ್ನು ಬರೆದು ತಾಲ್ಲೂಕು ಕಚೇರಿಗೆ ಕೊಡಬೇಕು. ಆ ಅರ್ಜಿಗೂ ಅಲ್ಲಿ ಒಂದು ಕಡತವು ತೆರೆಯುತ್ತದೆ.