ಅಂಚೆ ಕಾರ್ಡಿನಿಂದ ಅಂಗೈಯ ಫೋನಿನವರೆಗೆ: ಮುಂಬಯಿ ಕನ್ನಡಿಗರ ಬರಹ

ಹೊಟ್ಟೆಪಾಡಿಗಾಗಿ ಹುಟ್ಟಿದೂರನ್ನು ತೊರೆದು ಮುಂಬಯಿಗೆ ಬಂದ ನಮ್ಮ ಹಿರಿಯರು ಟ್ರಂಕಿನಲ್ಲಿ ಏನನ್ನು ತಂದರೋ ಬಿಟ್ಟರೋ, ಭಾಷೆಯನ್ನಂತೂ ಬಿಟ್ಟು ಬರಲಿಲ್ಲ. ಆದರೆ ಮಾತು ನಾಲಿಗೆಯ ಮೇಲಿದ್ದರೆ ಸಾಲದು. ಊರಿಗೆ ಕಾಗದ ಬರೆಯಲು ಅಕ್ಷರ ಬೇಕಷ್ಟೆ. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗ ಅಕ್ಷರ ಬಲ್ಲವರೊಬ್ಬರನ್ನು ಹಿಡಿದು ತಾಯಿಗೆ ಕಾರ್ಡು ಬರೆಯಿಸುತ್ತಿದ್ದ ಕಾಲವದು. ಅಂಥವರಿಗಾಗಿಯೇ ಇಲ್ಲಿ ಕನ್ನಡದ ರಾತ್ರಿಶಾಲೆಗಳು ಹುಟ್ಟಿದುವು. ಹಗಲು ದುಡಿದು ರಾತ್ರಿ ಕಲಿತವರಲ್ಲಿ ಅನೇಕರು ಮುಂದೆ ಸಂಘಗಳನ್ನು ಕಟ್ಟಿದರು.

ಮೈಸೂರು ಅಸೋಸಿಯೇಷನ್ 1926ರಲ್ಲಿಯೂ ಕರ್ನಾಟಕ ಸಂಘ 1933ರಲ್ಲಿಯೂ ಸ್ಥಾಪಿತವಾದುವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಅಂದು ಮುಂಬಯಿ ಪರನಾಡಾಗಿರಲಿಲ್ಲ, ರಾಜಧಾನಿಯಾಗಿತ್ತು. 1956ರ ನವೆಂಬರ್ 1ರಂದು ನಾಡು ಒಂದಾದಾಗ ಇಲ್ಲಿನ ಕನ್ನಡಿಗರು ಸಂತೋಷಪಟ್ಟರು. ಅದೇ ದಿನ ತಾವು ಹೊರನಾಡಿನವರಾದುದನ್ನೂ ಕಂಡುಕೊಂಡರು. ‘ಮೊಗವೀರ’, ‘ನೇಸರು’, ‘ಸ್ನೇಹಸಂಬಂಧ’ ಮೊದಲಾದ ಪತ್ರಿಕೆಗಳು ಈ ಹೊರನಾಡಿನ ಮನೆಗಳಿಗೆ ಕನ್ನಡವನ್ನು ಹೊತ್ತು ತಂದುವು. 1978ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ತೆರೆಯಿತು.

ಇಷ್ಟು ಎಲ್ಲರೂ ಬಲ್ಲ ಸಂಗತಿ. ಎಲ್ಲರೂ ಅರಿಯದ ಇನ್ನೊಂದಿದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದಿಂದ ಬಂದ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾವ್, ಇದೇ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ, ಬಳಿಕ ಟಾಟಾ ಪ್ರೆಸ್ಸಿನಲ್ಲಿ ದುಡಿದವರು. ಕನ್ನಡವನ್ನು ಗಣಕಯಂತ್ರದಲ್ಲಿ ಬರೆಯಲು ಸುಲಭವಾದ ಕೀಲಿಮಣೆಯನ್ನು ರೂಪಿಸಿದವರು ಇವರೇ. ಬೆರಳಚ್ಚು ಯಂತ್ರದಲ್ಲಿ ಅಕ್ಷರವನ್ನು ತಲೆಕಟ್ಟು, ಕೊಂಬು, ಒತ್ತು ಎಂದು ತುಂಡುತುಂಡಾಗಿ ಜೋಡಿಸಬೇಕಾಗಿತ್ತು. ರಾಯರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ‘ಕ’ ಒತ್ತಿ, ಸೇರಿಸುವ ಕೀಲಿ ಒತ್ತಿ, ‘ಷ’ ಒತ್ತಿದರೆ ‘ಕ್ಷ’ ತಾನಾಗಿ ಮೂಡುತ್ತದೆ. ರಾತ್ರಿಶಾಲೆಯಲ್ಲಿ ಕಾಗುಣಿತ ಹೇಳಿಸಿದ ಕ್ರಮವೇ ಇದು! ತಮ್ಮ ತಂತ್ರಾಂಶಕ್ಕೆ ಅವರು ‘ಸೇಡಿಯಾಪು’ ಎಂದು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಇಂದು ‘ನುಡಿ’ಯಲ್ಲಿ ಬರೆಯುವವರೆಲ್ಲರ ಬೆರಳು ಓಡಾಡುವುದು ರಾಯರು ಹಾಕಿದ ದಾರಿಯಲ್ಲಿಯೇ. ನಮ್ಮ ಸಭೆಗಳಲ್ಲಿ ಅವರ ಹೆಸರು ಇನ್ನಷ್ಟು ಕೇಳಿಬರಬೇಕಾಗಿತ್ತು ಎಂದು ನನಗೆ ತೋರುತ್ತದೆ.

1998ರಲ್ಲಿ ‘ಬರಹ’ ತಂತ್ರಾಂಶ ಬಂದಿತು, 2003ರಲ್ಲಿ ಕನ್ನಡ ವಿಕಿಪೀಡಿಯ. ಆ ಮೇಲೆ ಫೋನು ಎಲ್ಲರ ಅಂಗೈಗೂ ಬಂದಿತು. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಮುಚ್ಚಿದಾಗ ತಾಳಮದ್ದಳೆ, ಭಜನೆ, ಕವಿಗೋಷ್ಠಿಗಳು ಫೋನಿನ ಪರದೆಯನ್ನೇರಿದುವು. ಡೊಂಬಿವಲಿಯ ಮನೆಯಲ್ಲಿ ಕುಳಿತವರು ಊರಿನ ಭಾಗವತರ ಪದ ಕೇಳಿದರು. ನಮ್ಮಲ್ಲಿ ಬಹುಮಂದಿಯ ಮನೆಮಾತು ತುಳು. ಅದಕ್ಕೂ 2016ರಲ್ಲಿ ತನ್ನದೇ ವಿಕಿಪೀಡಿಯ ದೊರೆಯಿತು.

ಆದರೆ ಒಂದು ಚಿಂತೆ ಇದೆ. ಪರದೆಯ ಮೇಲೆ ನಾವು ಹಾಡುತ್ತೇವೆ, ಕುಣಿಯುತ್ತೇವೆ, ಶುಭಾಶಯ ಕಳುಹಿಸುತ್ತೇವೆ, ಬರೆಯುವುದು ಕಡಿಮೆ. ಇಲ್ಲಿ ಹುಟ್ಟಿದ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ನನ್ನ ಮೊಮ್ಮಗಳು ಊರಿನಲ್ಲಿರುವ ನನ್ನ ಅಕ್ಕನಿಗೆ ಹಾಗೆಯೇ ಬರೆದು ಕಳುಹಿಸಿದಳು. ಇಂಗ್ಲಿಷ್ ಬಾರದ ಆಕೆ, “ಮಗು ಏನೋ ಬರೆದಿದೆ, ಯಾರಾದರೂ ಓದಿ ಹೇಳಿ” ಎಂದು ನೆರೆಮನೆಗೆ ಹೋದಳಂತೆ. ಅಂದು ಬರೆಯಲು ಇನ್ನೊಬ್ಬರು ಬೇಕಿತ್ತು, ಇಂದು ಓದಲು!

ಹೀಗೆಂದು ಫೋನನ್ನು ಬಯ್ಯುವಂತಿಲ್ಲ. ಇಂಗ್ಲಿಷಿನಲ್ಲಿ ಒತ್ತಿದುದನ್ನು ಕನ್ನಡ ಲಿಪಿಗೆ ತಿರುಗಿಸುವ ಅನುಕೂಲವೂ ಅದರಲ್ಲಿಯೇ ಇದೆ. ಬಂದ ಅಕ್ಷರ ಸರಿಯೇ ಎಂದು ಗುರುತಿಸುವಷ್ಟು ಓದು ಬಂದರೆ ಸಾಕು. ಮೊಮ್ಮಗಳನ್ನು ಈಗ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತೇನೆ. ಕಾಗುಣಿತ ‘ಮ’ದವರೆಗೆ ಬಂದಿದೆ. ಕಳೆದ ವಾರ ಅಕ್ಕನಿಗೆ ಎರಡು ಸಾಲು ಹೋಯಿತು. ಒಂದು ದೀರ್ಘ ತಪ್ಪಿತ್ತು. ಅಕ್ಕ ನೆರೆಮನೆಗೆ ಹೋಗಲಿಲ್ಲ.