ಕೂರುವುದು ಬೇರೆ, ಹೊಂದುವುದು ಬೇರೆ

ಹೋದ ತಿಂಗಳು ಕಾರಿನ ಟೈರು ಬದಲಾಯಿಸೋಣ ಅಂತ ಜೆ.ಸಿ. ರಸ್ತೆಗೆ ಹೋಗಿದ್ದೆ. ನಾಲ್ಕೂ ಟೈರು ಸವೆದು ಬೋಳಾಗಿದ್ದವು. ಎರಡು ವಾರಕ್ಕೊಮ್ಮೆ ತಿಪಟೂರಿಗೆ ಹೋಗಿಬರುವವನು ನಾನು, ಮಳೆಗಾಲ ಬೇರೆ ಎದುರಿಗಿತ್ತು. ಅಂಗಡಿಯ ಹುಡುಗ ನನ್ನ ಹಳೇ ಟೈರನ್ನು ಒಮ್ಮೆ ನೋಡಿ, "ಇದು ತುಂಬಾ ಸಣ್ಣದು ಸಾರ್. ಹದಿನೈದು ಇಂಚಿನ ಅಲಾಯ್ ಹಾಕ್ಸಿ, ಇನ್ನೂರೈದರ ಟೈರು ಹಾಕ್ಸಿ, ಗಾಡಿ ಲುಕ್ಕೇ ಬೇರೆ ಆಗುತ್ತೆ" ಅಂದ. ಅಷ್ಟು ದೊಡ್ಡದು ಹಿಡಿಯುತ್ತಾ ಅಂತ ಕೇಳಿದೆ. "ಕೂತ್ಕೊಳ್ಳುತ್ತೆ ಸಾರ್, ಎಷ್ಟೋ ಜನಕ್ಕೆ ಹಾಕಿಕೊಟ್ಟಿದೀವಿ."

ದುಡ್ಡು ಕೊಡುವ ಮುಂಚೆ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅಪ್ಪ ಹೇಳಿದ್ದು ಒಂದೇ ಮಾತು. "ಗುಬ್ಬಿ ಮರ್ತುಹೋಯ್ತೇನೋ?"

ಗುಬ್ಬಿಯ ಕಥೆ ಆಮೇಲೆ ಹೇಳ್ತೀನಿ. ಅವತ್ತು ಏನೂ ಕೊಳ್ಳದೆ ಮನೆಗೆ ಬಂದೆ. ಬಂದವನು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಮೇಲಿನ ಅಕ್ಷರಗಳನ್ನು ಓದಿದೆ: 165/80 ಆರ್14 85ಟಿ. ಆರು ವರ್ಷದಿಂದ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ, ಇಂಜಿನಿಯರಿಂಗ್ ಡಿಗ್ರಿಯೂ ಇದೆ. ಈ ಸಾಲಿನ ಅರ್ಥ ಮಾತ್ರ ಗೊತ್ತಿರಲಿಲ್ಲ. ಎರಡು ವಾರ ಅದರ ಹಿಂದೆ ಬಿದ್ದೆ. ಇದೊಂದು ಅಳತೆ ಅಂದುಕೊಂಡಿದ್ದೆ, ನೋಡಿದರೆ ಇದೊಂದು ಇತಿಹಾಸ. 165 ಮಿಲಿಮೀಟರು, 80 ಶೇಕಡಾವಾರು, 14 ಇಂಚು! ಒಂದೇ ಸಾಲಿನಲ್ಲಿ ಮೂರು ಬಗೆಯ ಲೆಕ್ಕ. ತಲೆ ನೆಟ್ಟಗಿರುವ ಯಾರೂ ಒಟ್ಟಿಗೆ ಕೂತು ಹೀಗೆ ವಿನ್ಯಾಸ ಮಾಡಿರಲಾರರು.

ಅಜ್ಜನ ಕಾಲದ ಎತ್ತಿನಗಾಡಿಯಿಂದ ಶುರು ಮಾಡೋಣ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವಾಗ ಕಮ್ಮಾರ ಏನು ಮಾಡುತ್ತಿದ್ದ? ಆ ಚಕ್ರದ ಸುತ್ತಳತೆಯನ್ನೇ ತೆಗೆದುಕೊಂಡು, ಅದಕ್ಕಿಂತ ಒಂಚೂರು ಚಿಕ್ಕದಾಗಿ ಪಟ್ಟಿ ಬೆಸೆಯುತ್ತಿದ್ದ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಪಟ್ಟಿ ಹಿಗ್ಗುತ್ತದೆ. ಹಿಗ್ಗಿದ್ದನ್ನು ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆ ಪಟ್ಟಿ ಆ ಚಕ್ರಕ್ಕೆ ಮಾತ್ರ. ಪಟ್ಟಿ ಮಾಡುವವನೂ ಚಕ್ರ ನೋಡುವವನೂ ಒಬ್ಬನೇ ಆದ್ದರಿಂದ ನಂಬರು ಬೇಕಿರಲಿಲ್ಲ. ಟೈರು ಒಂದು ಊರಲ್ಲಿ, ಚಕ್ರ ಇನ್ನೊಂದು ಊರಲ್ಲಿ, ಜೋಡಿಸುವವನು ಮೂರನೇ ಊರಲ್ಲಿ ಆದಾಗಲೇ ನಂಬರು ಬೇಕಾಗುವುದು. ಮುಖ ನೋಡದ ಮೂವರ ನಡುವಿನ ಕರಾರು ಅದು.

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟ್ ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು, 1845ರಲ್ಲಿ. ಆಗ ಸೈಕಲ್ಲೂ ಇಲ್ಲ, ಕಾರೂ ಇಲ್ಲ, ಜನ ಮರೆತೇಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಚಕ್ರದ ಸೈಕಲ್ಲಿಗೆಂದು ಮಾಡಿದ್ದನ್ನೇ ಪೇಟೆಂಟ್ ಮಾಡಿಸಿದ. ಥಾಮ್ಸನ್ ಹೆಸರು ಹೊರಬಂದ ಮೇಲೆ ಆ ಪೇಟೆಂಟ್ ಬಿದ್ದುಹೋಯಿತು. ಡನ್‌ಲಪ್‌ನ ಟೈರನ್ನು ಚಕ್ರಕ್ಕೆ ಅಂಟಿಸುತ್ತಿದ್ದರು. ಪಂಕ್ಚರ್ ಆದರೆ ಬಿಚ್ಚುವುದೇ ದೊಡ್ಡ ರಾಮಾಯಣ. ಬಿಚ್ಚಿ ಹಾಕುವ ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್. 1890ರಲ್ಲಿ ಅವನು ಟೈರಿನ ಎರಡೂ ಒಳಅಂಚಿಗೆ ಹಿಗ್ಗದ ತಂತಿಯ ಬಳೆ ಸೇರಿಸಿದ. ಆ ಬಳೆ ರಿಮ್ಮಿನ ಮೇಲೆ ಕೂರುತ್ತದೆ, ಒಳಗಿನ ಗಾಳಿ ಅದನ್ನು ಅಂಚಿಗೆ ಒತ್ತಿ ಹಿಡಿಯುತ್ತದೆ. ಅದಕ್ಕೆ ಬೀಡ್ ಅಂತ ಹೆಸರು. ಇವತ್ತಿಗೂ ನಿಮ್ಮ ಕಾರು ನಿಂತಿರುವುದು ಆ ಬಳೆಯ ಅಳತೆಯ ಮೇಲೆ. ರಬ್ಬರು ಹಿಗ್ಗಿ ಸುಧಾರಿಸಿಕೊಳ್ಳುತ್ತದೆ, ಬಳೆ ಸುಧಾರಿಸಿಕೊಳ್ಳುವುದಿಲ್ಲ.

ಇನ್ನು ನಂಬರಿಗೆ ಬರೋಣ. ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರಿಗೆ ಬಹುಕಾಲ ಮುಂದಿನ ಟೈರು 30×3, ಹಿಂದಿನದು 30×3½. ಇಲ್ಲಿ 30 ಅಂದರೆ ಟೈರಿನ ಹೊರವ್ಯಾಸ, ಇಂಚಿನಲ್ಲಿ. ರಿಮ್ಮಿನ ಅಳತೆ ಬೇಕಾದರೆ ನಾವೇ ಕಳೆಯಬೇಕು. ಮುಂದೆ 30ರಲ್ಲಿ ಎರಡು ಮೂರು ಕಳೆದರೆ 24. ಹಿಂದೆ 30ರಲ್ಲಿ ಎರಡು ಮೂರೂವರೆ ಕಳೆದರೆ 23. ಎರಡರ ಹೆಸರಿನಲ್ಲೂ 30 ಇದೆ, ಆದರೆ ಮುಂದಿನದು ಹಿಂದಕ್ಕೆ ಆಗುವುದಿಲ್ಲ! 1920ರ ದಶಕದಲ್ಲಿ ದಪ್ಪನೆಯ ಬಲೂನ್ ಟೈರು ಬಂದಾಗ ಬರೆಯುವ ಕ್ರಮ ತಿರುಗಿತು. ಅದೇ ಫೋರ್ಡಿನ ಕೊನೆಯ ವರ್ಷಗಳ ಟೈರು 4.40-21. ಮೊದಲು ಟೈರಿನ ಅಗಲ, ಆಮೇಲೆ ರಿಮ್ಮಿನ ವ್ಯಾಸ. ಕೊಳ್ಳುವವನಿಗೆ ನಿಜಕ್ಕೂ ಬೇಕಾದ ಸಂಖ್ಯೆ ಕೊನೆಗೂ ಹೆಸರಿನೊಳಗೆ ಬಂತು. ನಮ್ಮ ಅಂಬಾಸಿಡರಿನ 5.90-15, ಪದ್ಮಿನಿಯ 5.20-14 ಇದೇ ವಂಶದವು.

ಆಮೇಲೆ ಬಂತು ರೇಡಿಯಲ್. ಅದಕ್ಕೂ ಮುಂಚಿನ ಟೈರುಗಳಲ್ಲಿ ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತಿದ್ದವು. ಫ್ರಾನ್ಸಿನ ಮಿಶಲಿನ್ 1946ರಲ್ಲಿ ಪೇಟೆಂಟ್ ಪಡೆದ ಟೈರಿನಲ್ಲಿ ಅವು ಒಂದು ಬಳೆಯಿಂದ ಇನ್ನೊಂದಕ್ಕೆ ನೇರ ಹೋಗುತ್ತವೆ. ಮೇಲೆ ಉಕ್ಕಿನ ತಂತಿಯ ಪಟ್ಟಿ. 'ಎಕ್ಸ್' ಎಂಬ ಹೆಸರಲ್ಲಿ 1949ರಲ್ಲಿ ಮಾರಾಟಕ್ಕೆ ಬಂತು. ಸಿಟ್ರೊಯೆನ್ ಕಾರಿಗೆ ಹಾಕುತ್ತಿದ್ದ ಎಕ್ಸ್ ಟೈರಿನ ಅಳತೆ 165-400, ಎರಡೂ ಮಿಲಿಮೀಟರಿನಲ್ಲೇ. ಫ್ರೆಂಚರಿಗೆ ಇಂಚು ಯಾಕೆ ಬೇಕು? ಆದರೆ ಅಷ್ಟರಲ್ಲಿ ಪ್ರಪಂಚದ ತುಂಬ ಓಡುತ್ತಿದ್ದ ಚಕ್ರಗಳು ಹೆಚ್ಚಾಗಿ ಇಂಚಿನವು. ಹಾಗಾಗಿ ರೇಡಿಯಲ್ ಗೆದ್ದಾಗ ಅದರ ಮಿಲಿಮೀಟರ್ ಅಗಲ ಉಳಿಯಿತು, ರಿಮ್ಮು ಇಂಚಿನಲ್ಲೇ ಉಳಿಯಿತು. ನಾವು ಕೋಡ್ ಬರೆಯುವವರು ಇದಕ್ಕೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ ಅಂತೀವಿ. ನೋಡಕ್ಕೆ ಚೆನ್ನಾಗಿರಲ್ಲ, ಆದರೆ ಇರುವ ಸಿಸ್ಟಮ್ಮು ನಿಲ್ಲಲ್ಲ :-)

ಟೈರುಗಳು ಚಪ್ಪಟೆಯಾಗುತ್ತ ಬಂದಂತೆ ಅಗಲಕ್ಕೆ ಎತ್ತರ ಶೇಕಡಾ ಎಷ್ಟು ಅನ್ನೋದನ್ನೂ ಬರೆಯಬೇಕಾಯಿತು. ನನ್ನ ಟೈರಿನ 80 ಅದೇ. ಆಮೇಲಿನ 85 ಭಾರದ ಸಂಕೇತ, ಅಂದರೆ ಒಂದು ಟೈರಿಗೆ 515 ಕಿಲೋ. ಕೊನೆಯ ಟಿ ವೇಗದ್ದು, ಗಂಟೆಗೆ 190 ಕಿ.ಮೀ. ಇಲ್ಲೂ ಒಂದು ತಮಾಷೆ ಇದೆ. ಎಸ್ 180, ಟಿ 190, ಯು 200, ಆಮೇಲೆ ಇದ್ದಕ್ಕಿದ್ದಂತೆ ಎಚ್ 210, ಮತ್ತೆ ವಿ 240. ಎಚ್ ಯಾಕೆ ಅಲ್ಲಿ ಹೋಗಿ ನಿಂತಿತು? ಮೊದಲು ಇದ್ದದ್ದೇ ಎಸ್, ಎಚ್, ವಿ ಎಂಬ ಮೂರು ದರ್ಜೆ. ಉಳಿದ ಅಕ್ಷರಗಳು ಆಮೇಲೆ ನಡುವೆ ಬಂದು ತೂರಿಕೊಂಡವು.

ಇಲ್ಲಿಯವರೆಗೆ ಎಲ್ಲ ತಮಾಷೆಯೇ. ಆದರೆ ಈ ಕರಾರಿನಲ್ಲಿ ಒಂದು ಕಡೆ ಜನ ಸತ್ತಿದ್ದಾರೆ.

ಟ್ರಕ್ಕಿಗೆ ಟ್ಯೂಬ್‌ಲೆಸ್ ಟೈರು ಬಂದಾಗ ರಿಮ್ಮಿನಲ್ಲಿ ಬಳೆ ಕೂರುವ ಜಾಗವನ್ನು 15 ಡಿಗ್ರಿ ಇಳಿಜಾರು ಮಾಡಿದರು. ಹಳೆಯದರ ಜೊತೆ ಕಲಬೆರಕೆ ಆಗದಿರಲಿ ಅಂತ ಈ ಹೊಸ ರಿಮ್ಮುಗಳಿಗೆ ಅರ್ಧ ಇಂಚಿನ ಅಳತೆ: 17.5, 19.5, 22.5. ನಮ್ಮ ಕೆಂಪು ಬಸ್ಸುಗಳ ಹಳೇ ಟ್ಯೂಬ್ ಟೈರು 10.00-20. ಕೆಎಸ್‌ಆರ್‌ಟಿಸಿ ಐರಾವತಕ್ಕೆ ಬಂದ ವೋಲ್ವೋ ಬಸ್ಸುಗಳದ್ದು 295/80 ಆರ್22.5. ಇವೆರಡನ್ನು ಅದಲುಬದಲು ಮಾಡಲು ಯಾರಿಂದಲೂ ಸಾಧ್ಯವಿಲ್ಲ. ನಡುವೆ ಎರಡೂವರೆ ಇಂಚಿದೆ, ಬಳೆ ಹತ್ತಿರಕ್ಕೂ ಬರುವುದಿಲ್ಲ.

ಅಮೆರಿಕದ ಪಿಕಪ್ ವಾಹನಗಳಿಗೂ ಇದೇ ತತ್ವದಲ್ಲಿ 16.5 ಇಂಚಿನ ರಿಮ್ಮು ಮಾಡಿದರು. ಮಾರುಕಟ್ಟೆಯಲ್ಲಿ 16 ಇಂಚಿನ ಟೈರೂ ಇತ್ತು. ಈಗ ನಡುವೆ ಬರೀ ಅರ್ಧ ಇಂಚು. 16ರ ಟೈರು 16.5ರ ರಿಮ್ಮಿನ ಮೇಲೆ ಹತ್ತುತ್ತದೆ! ಒಂದು ಬದಿ ಸಲೀಸಾಗಿ ಕೂರುತ್ತದೆ, ಇನ್ನೊಂದು ಬದಿ ಕೊನೆಯಲ್ಲಿ ಒಂಚೂರು ನಿಲ್ಲುತ್ತದೆ. ಪಂಕ್ಚರ್ ಅಂಗಡಿಯವನಿಗೆ ಇದು ದಿನದ ಅನುಭವ. ಇನ್ನೊಂಚೂರು ಗಾಳಿ ಹೊಡೆದರೆ 'ಟಕ್' ಅಂತ ಕೂತುಕೊಳ್ಳುತ್ತದೆ ಅಂದುಕೊಳ್ಳುತ್ತಾನೆ. ಹೊಡೆಯುತ್ತಾನೆ. ಹಿಗ್ಗದ ಬಳೆ ಹಿಗ್ಗಲಾರದೆ ತುಂಡಾಗುತ್ತದೆ, ಮೇಲೆ ಬಾಗಿ ನೋಡುತ್ತಿದ್ದವನ ಮುಖಕ್ಕೆ ಟೈರು ಸಿಡಿಯುತ್ತದೆ. ಹೀಗೆ ಸತ್ತವರೂ, ಕೈ ಕಳೆದುಕೊಂಡವರೂ ಇದ್ದಾರೆ. ವರ್ಷಗಟ್ಟಲೆ ಕೋರ್ಟು ಕೇಸುಗಳು ನಡೆದವು. 16 ಇಂಚಿನ ಟೈರುಗಳ ಮೈಮೇಲೇ '16.5ರ ರಿಮ್ಮಿಗೆ ಹಾಕಬೇಡಿ' ಎಂದು ಅಚ್ಚು ಹಾಕಿದರು. ಕಾರ್ಮಿಕರ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಓಶಾ 1980ರಲ್ಲಿ ದೊಡ್ಡ ವಾಹನಗಳ ಬಿಡಿಭಾಗದ ರಿಮ್ಮುಗಳಿಗೆ ನಿಯಮ ತಂದು, 1984ರಲ್ಲಿ ಒಂಟಿ ರಿಮ್ಮುಗಳಿಗೂ ವಿಸ್ತರಿಸಿತು. ಜೋಡಿಸುವ ಮುಂಚೆ ಎರಡರ ಅಳತೆ ತಾಳೆ ನೋಡಲೇಬೇಕು ಎಂಬುದು ಅದರಲ್ಲಿದೆ. ಮಾಮೂಲಿ ಪಿಕಪ್ಪುಗಳಿಂದ 16.5 ಕ್ರಮೇಣ ಮರೆಯಾಯಿತು.

ನನಗೆ ನಿದ್ದೆ ಕೆಡಿಸಿದ್ದು ಇದು. ಎರಡೂವರೆ ಇಂಚಿನ ತಪ್ಪು ಯಾರನ್ನೂ ಕೊಲ್ಲುವುದಿಲ್ಲ, ಯಾಕೆಂದರೆ ಅದು ಆಗುವುದೇ ಇಲ್ಲ. ಕೊಲ್ಲುವುದು ಅರ್ಧ ಇಂಚಿನ ತಪ್ಪು.

ಇದು ಮಿಶಲಿನ್‌ಗೆ ಗೊತ್ತಿತ್ತು. 1975ರಲ್ಲಿ ಟಿಆರ್‌ಎಕ್ಸ್ ಅಂತ ಹೊಸ ಟೈರು ತಂದರು. ಬೇರೆಯದೇ ಆಕಾರದ ರಿಮ್ಮು, ಅದರ ಅಳತೆ ಪೂರ್ತಿ ಮಿಲಿಮೀಟರಿನಲ್ಲಿ: 365, 390, 415. 390 ಅಂದರೆ 15.35 ಇಂಚು. ಟೈರೂ ರಿಮ್ಮೂ ಪರಸ್ಪರರಿಗಾಗಿಯೇ ಮಾಡಿದ ಜೋಡಿ, ನಮ್ಮ ಕಮ್ಮಾರನ ಪಟ್ಟಿಯ ಹಾಗೆ. ಫೋರ್ಡ್ ಮಸ್ಟಾಂಗ್, ಬಿಎಂಡಬ್ಲ್ಯು ಕಾರುಗಳಲ್ಲೂ ಬಂತು. ಓಡಿಸಿದವರು ಹೊಗಳಿದರು. ಆದರೆ ಸವೆದ ಮೇಲೆ ಮಾಮೂಲಿ ಟೈರು ಅದಕ್ಕೆ ಹಿಡಿಸುವುದಿಲ್ಲ. ಒಂದೋ ದುಬಾರಿ ಟಿಆರ್‌ಎಕ್ಸ್ ಕೊಳ್ಳಬೇಕು, ಇಲ್ಲವೇ ನಾಲ್ಕೂ ಚಕ್ರ ಬಿಸಾಡಬೇಕು. ಹೆಚ್ಚಿನವರು ಚಕ್ರ ಬಿಸಾಡಿದರು. ಒಳ್ಳೆಯ ವಿನ್ಯಾಸವನ್ನು ಹಳೆಯ ಕರಾರು ಸೋಲಿಸಿತು.

ಈಗ ಗುಬ್ಬಿ.

ಟೈರು ರಿಮ್ಮಿನ ಮೇಲೆ ಕೂತ ಹಾಗೆ ರಿಮ್ಮು ಕಾರಿನ ಹಬ್ಬಿನ ಮೇಲೆ ಕೂರಬೇಕು. ಅಲ್ಲಿನ ಅಳತೆ ಬೋಲ್ಟುಗಳು ನಿಂತಿರುವ ವೃತ್ತದ ವ್ಯಾಸ, ಅಂಗಡಿ ಭಾಷೆಯಲ್ಲಿ ಪಿಸಿಡಿ. ಮಾರುತಿ 800ರದ್ದು 114.3 ಮಿ.ಮೀ. ಈ .3 ಎಲ್ಲಿಂದ ಬಂತು? ಅದು ನಾಲ್ಕೂವರೆ ಇಂಚು. ಮಿಲಿಮೀಟರಿನ ಅಂಗಿ ತೊಟ್ಟ ಇಂಚು! ಎಷ್ಟೋ ಕಾರುಗಳದ್ದು 100. ಫಿಯಟ್ ಯುನೋ, ಪಾಲಿಯೋಗಳದ್ದು 98.

ನಾನು ಪಿಯುಸಿ ಓದುತ್ತಿದ್ದಾಗ ನಮ್ಮ ಮನೆಯಲ್ಲಿ ಇದ್ದದ್ದು 98ರ ಕಾರು. ಅಪ್ಪ ಆಸೆಪಟ್ಟು ಸೆಕೆಂಡ್ ಹ್ಯಾಂಡ್ ಅಲಾಯ್ ಹಾಕಿಸಿದರು. ಅವು 100ರವು. ಎರಡು ಮಿಲಿಮೀಟರು ವ್ಯಾಸ, ಅಂದರೆ ಪ್ರತಿ ಬೋಲ್ಟಿಗೆ ಒಂದೇ ಒಂದು ಮಿಲಿಮೀಟರು ವ್ಯತ್ಯಾಸ. ಬೋಲ್ಟು ಓರೆಯಾಗಿಯಾದರೂ ಒಳಗೆ ಹೋಗುತ್ತದೆ, ಬಿಗಿಯೂ ಆಗುತ್ತದೆ. ಹಾಕಿದವರು ಆಗಲೂ ಹೇಳಿದ್ದು "ಕೂತಿದೆ ಸಾರ್" ಅಂತಲೇ. ಮೂರನೇ ವಾರ ಗುಬ್ಬಿ ದಾಟಿದ ಮೇಲೆ ಎಡಗಡೆಯಿಂದ ಟಕಟಕ ಸದ್ದು ಶುರುವಾಯಿತು. ಹಿಂದಿನ ಸೀಟಿನಲ್ಲಿ ಅಮ್ಮ, ತಂಗಿ. ಅಪ್ಪ ಕಾರು ಪಕ್ಕಕ್ಕೆ ಹಾಕಿ ನೋಡಿದರೆ ಒಂದು ಬೋಲ್ಟು ಇರಲೇ ಇಲ್ಲ, ಎರಡು ಬೆರಳಲ್ಲೇ ತಿರುಗುತ್ತಿದ್ದವು. ನಾಲ್ಕನೆಯದೊಂದು ನಮ್ಮನ್ನು ಅಲ್ಲಿವರೆಗೆ ತಂದಿತ್ತು. ಸ್ಟೆಪ್ನಿ ಹಾಕಿಕೊಂಡು ತಿಪಟೂರು ಮುಟ್ಟುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಹುಡುಗ ಹೇಳಿದ ಟೈರಿನ ಲೆಕ್ಕ ಕೂತು ಮಾಡಿದೆ. ನನ್ನದು: 165ರ ಶೇಕಡಾ 80 ಅಂದರೆ 132, ಮೇಲೆ ಕೆಳಗೆ ಸೇರಿ 264. ಅದಕ್ಕೆ 14 ಇಂಚು, ಅಂದರೆ 355.6 ಸೇರಿಸಿದರೆ ಒಟ್ಟು 619.6 ಮಿ.ಮೀ. ಅವನದು 205/65 ಆರ್15: 647.5 ಮಿ.ಮೀ. ನಾಲ್ಕೂವರೆ ಶೇಕಡಾ ದೊಡ್ಡದು. ನನ್ನ ಮೀಟರು 100 ತೋರಿಸುವಾಗ ಕಾರು ಸುಮಾರು 104ರಲ್ಲಿ ಓಡುತ್ತಿರುತ್ತದೆ. ಅಗಲ 40 ಮಿ.ಮೀ. ಹೆಚ್ಚು, ನಾಲ್ಕು ಜನ ಕೂತು ಹಂಪ್ ಹಾರಿಸಿದರೆ ಎಲ್ಲಾದರೂ ಉಜ್ಜುವ ಭಯ. ಕೂರುತ್ತಿತ್ತೋ ಏನೋ. ಹೊಂದುತ್ತಿರಲಿಲ್ಲ.

ಕೊನೆಗೆ ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ್ದ ಸ್ಟಿಕ್ಕರಿನಲ್ಲಿ ಇದ್ದ ಅಳತೆಯನ್ನೇ, ಅಂದರೆ 165/80 ಆರ್14 ಅನ್ನೇ ತಂದೆ. ಡಾಟ್ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. ಅದನ್ನೂ ನೋಡಿಯೇ ತಗೊಂಡೆ. ಅಂಗಡಿಯವನು ಭಾರ, ವೇಗದ ಸಂಕೇತ ಕೇಳುವ ಗಿರಾಕಿಯನ್ನು ಮೊದಲ ಸಲ ನೋಡಿದವನ ಹಾಗೆ ನೋಡಿದ. ಕಾರಿನ ಲುಕ್ಕು ಮೊದಲಿನ ಹಾಗೇ ಇದೆ.

ಕಳೆದ ಶನಿವಾರ ಊರಿಗೆ ಹೋದಾಗ ಅಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ನಂಬರು ಓದಿ, ಏನೂ ಹೇಳದೆ ಕಾಫಿ ಕುಡಿಯಲು ಒಳಗೆ ಹೋದರು. ನೀವೂ ಇವತ್ತು ಕೆಳಗೆ ಹೋದಾಗ ನಿಮ್ಮ ಗಾಡಿಯ ಟೈರಿನ ಮೇಲೆ ಏನು ಬರೆದಿದೆ ಅಂತ ಒಮ್ಮೆ ಬಗ್ಗಿ ಓದಿ. ಬಾಗಿಲಿನ ಸ್ಟಿಕ್ಕರಿನ ಜೊತೆ ತಾಳೆ ಆಗುತ್ತಾ ನೋಡಿ.