ಗೋಡೆ ತೊಳೆಯೋಕೆ ಮುಂಚೆ ಅದು ಯಾವ ಗೋಡೆ ಅಂತ ನೋಡಿ

ಗೌರಿ-ಗಣೇಶ ಹತ್ತಿರ ಬಂತು ಅಂದ್ರೆ ನಮ್ಮ ಬಸವನಗುಡಿ ಕಡೆ ಮನೆ ಮುಂದೆ ಸುಣ್ಣದ ಬಕೆಟ್ಟು, ನಾರಿನ ಕುಂಚ ಕಾಣಿಸ್ತಿದ್ವು. ಈಗ ಪ್ರೆಶರ್ ಪಂಪು ಬಂದಿದೆ. ಕಾರು ತೊಳೆಯೋ ಪಂಪನ್ನೇ ನೂರು ವರ್ಷದ ಗೋಡೆಗೂ ಹಿಡೀತಾರೆ. ಸಿಮೆಂಟ್ ಗೋಡೆಯಾದ್ರೆ ತಡ್ಕೊಳ್ಳುತ್ತೆ. ಗಾರೆ ಗೋಡೆಯಾದ್ರೆ ಅರ್ಧ ಗಂಟೇಲಿ ಹಕ್ಕಳೆ ಹಕ್ಕಳೆಯಾಗಿ ಕೆಳಗೆ ಬೀಳುತ್ತೆ.

ಚಾಮರಾಜಪೇಟೆ ಆಗಿದ್ದು 1892ರಲ್ಲಿ. 1898ರ ಪ್ಲೇಗಿಗೆ ಪೇಟೆ ತತ್ತರಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದ್ವು. ಆಗ ಇಟ್ಟಿಗೆ ಕೂಡಿಸ್ತಿದ್ದಿದ್ದು ಮಣ್ಣಲ್ಲಿ, ಇಲ್ಲಾ ಗಾರೇಲಿ. ಸುಣ್ಣಕ್ಕೆ ಮರಳೋ ಸುರ್ಕಿನೋ (ಇಟ್ಟಿಗೆ ಪುಡಿ) ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೀತಿದ್ರು. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಗೋಡೆಗೆ ಮೆತ್ತಿದ್ರೆ ಅದು ಗಾಳೀಲಿರೋ ಇಂಗಾಲದ ಡೈ ಆಕ್ಸೈಡ್ ಹೀರಿ ನಿಧಾನಕ್ಕೆ ಮತ್ತೆ ಸುಣ್ಣದ ಕಲ್ಲಾಗುತ್ತೆ. ಸಿಮೆಂಟು ಮನೆಮಾತಾಗಿದ್ದು ಆಮೇಲೆ. ಹಲವು ಕಂಪನಿ ಸೇರಿ ಎಸಿಸಿ ಆಗಿದ್ದೇ 1936ರಲ್ಲಿ.

ಹಾಗಂತ ಮನೆ ಹಣೆ ಮೇಲೆ ಕೆತ್ತಿರೋ ಇಸವಿ ನೋಡಿ ನಂಬಬೇಡಿ. ಅದು ಮನೆ ಹುಟ್ಟಿದ ವರ್ಷ, ಗೋಡೆ ಮೈಯ ವಯಸ್ಸಲ್ಲ. ಸುಣ್ಣದ ಮೇಲೆ ಡಿಸ್ಟೆಂಪರು, ಅದರ ಮೇಲೆ ಸ್ನೋಸೆಮ್ಮು, ಅದರ ಮೇಲೆ ಪ್ಲಾಸ್ಟಿಕ್ ಪೇಂಟು. ಮುಂಭಾಗಕ್ಕೆ ಯಾವತ್ತೋ ಸಿಮೆಂಟು ಬಡಿದಿರ್ತಾರೆ; ಹಿಂದೆ ಕನ್ಸರ್ವೆನ್ಸಿ ಗಲ್ಲಿ ಕಡೆ ಯಾರೂ ಕಣ್ಣು ಹಾಯಿಸದ ಗೋಡೆ ಹುಟ್ಟಿದ ಹಾಗೇ ಇರುತ್ತೆ. ಆದ್ದರಿಂದ ಒಂದೊಂದು ಗೋಡೇನೂ ಬೇರೆ ಬೇರೆ ನೋಡಿ.

ಒದ್ದೆ ಬೆರಳಲ್ಲಿ ಉಜ್ಜಿ: ಬೆಳ್ಳಗೆ ಕೈಗೆ ಬಂದ್ರೆ ಬಹುಪಾಲು ಸುಣ್ಣ. ಒಂದು ಲೋಟ ನೀರು ಚೆಲ್ಲಿ: ಗೋಡೆ ಹೀರಿಕೊಂಡ್ರೆ ಅದು ಇನ್ನೂ ಉಸಿರಾಡ್ತಿದೆ, ಜಾರಿ ಹೋದ್ರೆ ಮೇಲೆ ಪ್ಲಾಸ್ಟಿಕ್ ಬಣ್ಣ ಇದೆ. ಸಿಪ್ಪೆ ಎದ್ದಿರೋ ಕಡೆ ಇಣುಕಿ ನೋಡಿ: ಬೂದು ಬಣ್ಣದ ಗಟ್ಟಿ ಪದರ ಸಿಮೆಂಟು, ಬಿಳಿ ಅಥವಾ ತಿಳಿ ಗುಲಾಬಿ, ಉಗುರಿಗೆ ಸ್ವಲ್ಪ ಉದುರೋದು ಗಾರೆ, ಕೆಂಪು ಪುಡಿ ಅಂದ್ರೆ ಮಣ್ಣು. ಗೆಣ್ಣಲ್ಲಿ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ನೀರು ಹಾಕ್ಲೇಬೇಡಿ, ಗಾರೆ ಇಟ್ಟಿಗೆ ಬಿಟ್ಟು ನಿಂತಿದೆ.

ಗಾರೆಗೆ ಮೆತ್ತನೆ ಬ್ರಷ್ಷು, ಸಾದಾ ನೀರು, ಅದೂ ಕಡಿಮೆ. ಬಚ್ಚಲಿಗೆ ಹಾಕೋ ಆಸಿಡ್ ಸುಣ್ಣವನ್ನೇ ಕರಗಿಸುತ್ತೆ, ತರಲೇಬೇಡಿ. ತೊಳೆದ ಮೇಲೆ ಚೆಂದ ಕಾಣ್ಲಿ ಅಂತ ಪ್ಲಾಸ್ಟಿಕ್ ಬಣ್ಣ ಬಳಿಯೋದು ನನ್ನ ಪ್ರಕಾರ ಪಂಪಿಗಿಂತ ಕೆಟ್ಟದ್ದು: ನೆಲದಿಂದ ಏರಿದ ತೇವ ಹೊರಗೆ ಹೋಗೋಕೆ ದಾರಿ ಇಲ್ದೆ ಒಳಗಿನ ಗೋಡೇಲಿ ಉಪ್ಪಾಗಿ ಅರಳುತ್ತೆ. ಸುಣ್ಣಾನೇ ಬಳೀರಿ, ಚಿಟಿಕೆ ನೀಲಿ ಹಾಕಿ.

ಕೆಳಗಿನ ಸೈಜುಗಲ್ಲಿನ ಚಿಂತೆ ಬೇಡ, ಲಾಲ್‌ಬಾಗ್ ಬಂಡೆಯ ನೆಂಟ ಅದು. ಕಲ್ಲಿನ ಸಂದುಗಳನ್ನ ಮಾತ್ರ ನೋಡ್ಕೊಳ್ಳಿ, ಅಲ್ಲಿರೋದೂ ಗಾರೇನೇ. ಮಂಕಿಟಾಪ್‌ನ ಮರದ ಪಟ್ಟಿಗಳಿಗೆ ನೀರೇ ಬೇಡ. ಒಣ ಬ್ರಷ್ಷಲ್ಲಿ ಧೂಳು ಕೊಡವಿ, ಗೆದ್ದಲು ಹಿಡಿದಿದೆಯಾ ನೋಡಿ.